ವರ್ತೂರಿನ ನೊರೆ ಮತ್ತು ನಮ್ಮ ಪಲ್ಪರ್ ನೀರು



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಗೊಬ್ಬರದ ದಾಸ್ತಾನು, ಮೈಲುತುತ್ತದ ಬೆಲೆ, ಸಾಲ ಮರುಪಾವತಿಯ ಕಡೆಯ ದಿನಾಂಕ ಇವುಗಳ ವಿಚಾರ. ಈ ಸಲ ಅವನ್ನೆಲ್ಲ ಬದಿಗಿಟ್ಟು ಬೆಂಗಳೂರಿನ ಹೊರವಲಯದ ಒಂದು ಕೆರೆಯ ಮಾತನ್ನು ಎತ್ತಿಕೊಂಡಿದ್ದೇನೆ. ಮೂಡಿಗೆರೆ ಸೀಮೆಯ ಕಾಫಿ, ಅಡಿಕೆ ಬೆಳೆಗಾರರಿಗೂ ಸುಮಾರು 250 ಕಿಲೋಮೀಟರ್ ದೂರದ ವರ್ತೂರು ಕೆರೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ ಎಂಬುದೇ ನನ್ನ ಮಾತು. ದಯವಿಟ್ಟು ಕೊನೆಯವರೆಗೂ ಓದಬೇಕು.

2017ರ ಆಗಸ್ಟ್ ತಿಂಗಳಲ್ಲಿ ಯಾವುದೋ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ವೈಟ್‌ಫೀಲ್ಡಿನಲ್ಲಿ ತಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೆ. ಆತ ಅಲ್ಲಿನ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ನೌಕರ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಬೆಳಿಗ್ಗೆ ಅವನ ಸ್ಕೂಟರಿನ ಹಿಂದೆ ಕುಳಿತು ವರ್ತೂರು ಕೋಡಿಯ ಹತ್ತಿರ ಬಂದರೆ ರಸ್ತೆಯ ಮೇಲೆ ಬಿಳಿಯ ರಾಶಿ ಬಿದ್ದಿದೆ. ಹತ್ತಿ ತುಂಬಿದ ಲಾರಿ ಮಗುಚಿರಬೇಕೆಂದು ಮೊದಲು ಭಾವಿಸಿದೆ. ಗಾಳಿ ಬೀಸಿದಾಗ ಆ ರಾಶಿ ಎದ್ದು ಹಾರಿ ನಮ್ಮ ಮೈಮೇಲೆಯೇ ಬಿತ್ತು. ಅದು ನೊರೆ. ಅದರ ವಾಸನೆಯನ್ನು ಇಲ್ಲಿ ವರ್ಣಿಸುವುದು ಬೇಡ. ನೊರೆ ರಸ್ತೆಗೆ ಬಾರದಂತೆ ಕೋಡಿಯ ಬದಿಗೆ ಎತ್ತರವಾಗಿ ಬಲೆ ಕಟ್ಟಿದ್ದರು. ಬಲೆಯ ಮೇಲಿನಿಂದಲೂ ಅದು ದಾಟಿ ಬರುತ್ತಿತ್ತು.

ಅಲ್ಲೇ ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ವಯಸ್ಸಾದ ರೈತರೊಬ್ಬರನ್ನು ಮಾತನಾಡಿಸಿದೆ. "ಈ ನೀರಲ್ಲಿ ಭತ್ತ ಬೆಳೆದಿದ್ದೀವಿ ಸ್ವಾಮಿ, ಬೊಗಸೆಯಲ್ಲಿ ಎತ್ತಿ ಕುಡಿದಿದ್ದೀವಿ. ಆಗ ಕೆರೆಗೆ ನೀರಗಂಟಿ ಇದ್ದ. ಈಗ ಕೆರೆ ನೋಡೋಕೆ ದೊಡ್ಡ ದೊಡ್ಡೋರೆಲ್ಲ ಬರ್ತಾರೆ, ನೀರಗಂಟಿ ಮಾತ್ರ ಇಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ನೊರೆಯ ಮೂಲ

ನಾನು ವಿಜ್ಞಾನ ಪದವೀಧರನಾದುದರಿಂದ ಈ ನೊರೆ ಎಲ್ಲಿಂದ ಬಂತೆಂದು ತಿಳಿಯುವ ಕುತೂಹಲ ನನಗೆ ಸಹಜವಾಗಿಯೇ ಉಂಟಾಯಿತು. ವಿಚಾರಿಸುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಬೆಂಗಳೂರಿನ ವಿದ್ವಾಂಸರಿಗೆ ಈ ವಿಷಯ ಹೊಸದೇನೂ ಆಗಿರಲಿಲ್ಲ.

ಬೆಳ್ಳಂದೂರು ಕೆರೆ ಸುಮಾರು 900 ಎಕರೆಯಷ್ಟು ವಿಸ್ತಾರವಾದುದು. ಅದು ತುಂಬಿದರೆ ವರ್ತೂರಿಗೆ, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ ನೀರು ಹರಿಯುತ್ತದೆ. ನಗರ ಬೆಳೆದಂತೆ ಮಳೆನೀರು ಬರುತ್ತಿದ್ದ ಅದೇ ಕಾಲುವೆಗಳಲ್ಲಿ ಕೊಳಚೆ ಬರತೊಡಗಿತು. ಬೆಂಗಳೂರಿನ ಕೊಳಚೆನೀರಿನ ಶೇಕಡ 40ರಷ್ಟು ಈ ಕೆರೆಗಳ ಸರಪಣಿಗೇ ಹರಿದು ಬರುತ್ತಿತ್ತೆಂದು ಅಂದಾಜು ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಡಾ. ಟಿ.ವಿ. ರಾಮಚಂದ್ರ ಅವರ ತಂಡ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಬೆಂಗಳೂರಿನ ಕೆರೆಗಳ ಲೆಕ್ಕ ಇಡುತ್ತಾ ಬಂದಿದೆ. ಬಟ್ಟೆ ಒಗೆಯುವ ಪುಡಿಯಲ್ಲಿರುವ ರಂಜಕದ ಅಂಶವೇ ಕೆರೆಯ ಕಳೆಗೆ ಗೊಬ್ಬರವಾಗುತ್ತದೆಂದೂ, ಕೊಳಚೆಯನ್ನು ಶುದ್ಧಿ ಮಾಡಿ ಜೊಂಡು ಬೆಳೆಸಿದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಟ್ಟರೆ ಕೆರೆ ಉಳಿಯುತ್ತದೆಂದೂ ಆ ತಂಡ ಹೇಳುತ್ತಲೇ ಬಂದಿದೆ. ಉತ್ತರ ದಿಕ್ಕಿನ ಜಕ್ಕೂರು ಕೆರೆಯಲ್ಲಿ ಈ ಕ್ರಮ ನಡೆದಿರುವುದನ್ನು ಮಾದರಿಯಾಗಿ ತೋರಿಸಿಯೂ ಇದೆ.

ಅದೇ ವಿಜ್ಞಾನ ಸಂಸ್ಥೆಯ ಇನ್ನೊಂದು ವಿಭಾಗದ ಡಾ. ಎಚ್.ಎನ್. ಚಾಣಕ್ಯ ಮತ್ತು ಅವರ ಸಹೋದ್ಯೋಗಿಗಳು ಬೆಳ್ಳಂದೂರಿನ ನೊರೆಯನ್ನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿದರು. ಪ್ರಯೋಗಾಲಯದಲ್ಲಿ ಕೆರೆಯ ಮಾದರಿಯನ್ನೂ ಕಟ್ಟಿ ನೋಡಿದರು. 2022ರ ಸುಮಾರಿಗೆ ಹೊರಬಂದ ಆ ಸಂಶೋಧನೆಯ ಸಾರ ಹೀಗಿದೆ. ಕೊಳಚೆನೀರು ಕೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು 10ರಿಂದ 15 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಒಂದಷ್ಟು ಕೊಳೆ ಕಳಿತು ಹೋಗುತ್ತದೆ, ಉಳಿದದ್ದು ಕೆಸರಾಗಿ ತಳ ಸೇರುತ್ತದೆ. ಸಾಬೂನು ಪುಡಿಯ ನೊರೆ ಬರಿಸುವ ಅಂಶ ಮಾತ್ರ ಪೂರ್ತಿ ಕಳಿಯದೆ ಆ ಕೆಸರಿಗೇ ಅಂಟಿಕೊಳ್ಳುತ್ತಾ, ದಿನದಿನವೂ ಹೆಚ್ಚುತ್ತಾ, ಒಮ್ಮೊಮ್ಮೆ 200 ಪಟ್ಟಿನಷ್ಟು ಏರುತ್ತದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಒಂದೇ ಚೊಗರಿಗೆ ದಿನವೂ ಹೊಸ ಅಡಿಕೆ ಹಾಕುತ್ತ ಹೋದರೆ ಅದು ಹೇಗೆ ಗಟ್ಟಿಯಾಗುತ್ತದೆಂದು ನಮಗೆಲ್ಲ ಗೊತ್ತಿದೆಯಷ್ಟೆ. ಅದೇ ರೀತಿ. ಜೋರು ಮಳೆ ಬಂದಾಗ ತಳದ ಕೆಸರು ಕದಡಿ ಮೇಲೇಳುತ್ತದೆ, ಕೋಡಿಯಲ್ಲಿ ಬೀಳುವಾಗ ಗಾಳಿಯೊಡನೆ ಸೇರಿ ನೊರೆಯಾಗುತ್ತದೆ, ನೀರಿನಲ್ಲಿರುವ ಕೆಲವು ಅಣುಜೀವಿಗಳು ಆ ನೊರೆ ಬೇಗ ಒಡೆಯದಂತೆ ಮಾಡುತ್ತವೆ. ನಾನು ಕಂಡ ನೊರೆ ಮಳೆಯ ಮಾರನೆಯ ದಿನವೇ ಏಕೆ ಎದ್ದಿತೆಂಬುದಕ್ಕೆ ಉತ್ತರ ಇದರಲ್ಲಿ ಸಿಕ್ಕಿತು.

ತಿಳಿದಿದ್ದರೂ ಕೆರೆ ಉರಿಯಿತು

ಇಷ್ಟೆಲ್ಲ ವಿದ್ಯೆ ಅದೇ ಊರಿನಲ್ಲಿರುವಾಗ ಕೆರೆಗೆ ಆ ಗತಿ ಏಕೆ ಬಂತು? 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹತ್ತಿತು. 2018ರ ಜನವರಿಯಲ್ಲಿ ಹತ್ತಿದ ಬೆಂಕಿಯನ್ನು ಆರಿಸಲು ಸೈನಿಕರೇ ಬರಬೇಕಾಯಿತು. ಕಡೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ, ಕೆರೆಗಳ ಪುನರುದ್ಧಾರಕ್ಕೆ 500 ಕೋಟಿ ರೂಪಾಯಿ ತೆಗೆದಿರಿಸಬೇಕೆಂದು ಆಜ್ಞೆ ಮಾಡಿ, ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. 2020ರಿಂದೀಚೆಗೆ ಹೂಳೆತ್ತುವ ಕೆಲಸವನ್ನು ಕೈಗೆತ್ತಿಕೊಂಡರು.

ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಇಂದಿನ ಸಮಾಜದ ಕಷ್ಟಗಳು ಪರಿಹಾರವಾಗುತ್ತಿವೆಯೇ ಎಂದು ಯಾರಾದರೂ ಕೇಳಿದರೆ ನಾನು ವರ್ತೂರನ್ನು ತೋರಿಸುತ್ತೇನೆ. ರೋಗವನ್ನು ಕಂಡುಹಿಡಿದದ್ದೂ ಆಯಿತು, ಮದ್ದನ್ನು ಬರೆದುಕೊಟ್ಟದ್ದೂ ಆಯಿತು. ಮದ್ದು ಮಾತ್ರ ರೋಗಿಯ ಬಾಯಿಗೆ ಹೋಗಲಿಲ್ಲ. ವಿದ್ವಾಂಸರ ವರದಿ ನ್ಯಾಯಾಲಯದ ಕಡತಕ್ಕೆ ತಲುಪಿತೇ ಹೊರತು, ವೈಟ್‌ಫೀಲ್ಡಿನ ಅಡಿಗೆಮನೆಯ ಬಚ್ಚಲಿಗೆ ತಲುಪಲಿಲ್ಲ. ನನ್ನ ತಮ್ಮ ಒಳ್ಳೆಯ ವಿದ್ಯಾವಂತ. ಅವನ ಮನೆಯ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, "ಕಟ್ಟಡದವರು ನೋಡಿಕೊಳ್ಳುತ್ತಾರೆ" ಎಂದ. ಕಟ್ಟಡದವರನ್ನು ಕೇಳಿದ್ದರೆ ಪಾಲಿಕೆಯನ್ನು ತೋರಿಸುತ್ತಿದ್ದರು. ಪಾಲಿಕೆಯವರು ಜಲಮಂಡಳಿಯನ್ನು ತೋರಿಸುತ್ತಿದ್ದರು. ಹಿರಿಯ ರೈತರು ಹೇಳಿದ್ದು ಇದನ್ನೇ. ಕೆರೆಯಲ್ಲಿ ಎಷ್ಟೇ ನೀರಿದ್ದರೂ ತೂಬು ಎತ್ತಿ ಗದ್ದೆಗೆ ಹಾಯಿಸಲು ಒಬ್ಬ ನೀರಗಂಟಿ ಬೇಕು. ಅವನಿಲ್ಲದಿದ್ದರೆ ನೀರೆಲ್ಲ ಕೋಡಿ ಬಿದ್ದು ಹೋಗುತ್ತದೆ. ವಿದ್ಯೆಯ ಪಾಡೂ ಹಾಗೆಯೇ.

ವರ್ತೂರಿನ ನೊರೆಯಾದರೂ ಕಣ್ಣಿಗೆ ಕಾಣುತ್ತದೆ. ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಕಾಣದ ತೊಂದರೆಯೊಂದಿದೆ. ಅಲ್ಲಿ ಲೋಹಕ್ಕೆ ಮುಲಾಮು ಹಾಕುವ ನೂರಾರು ಸಣ್ಣ ಕಾರ್ಖಾನೆಗಳಿವೆ. ಅವುಗಳಿಂದ ಇಂಗಿದ ಕ್ರೋಮಿಯಂ ಎಂಬ ಲೋಹದ ಅಂಶ ಕೊಳವೆ ಬಾವಿಗಳ ನೀರಿನಲ್ಲಿ ಮಿತಿ ಮೀರಿ ಸೇರಿರುವುದನ್ನು ಪರೀಕ್ಷೆಗಳು ತೋರಿಸಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆಂದು ನಮ್ಮ ದೇಶದ ನಿಯಮ. ಅಷ್ಟು ಸೂಕ್ಷ್ಮವಾದುದನ್ನು ಪ್ರಯೋಗಾಲಯದ ಹೊರತು ಯಾರೂ ಕಂಡುಹಿಡಿಯಲಾರರು. ಆದರೆ ಹತ್ತು ಜನ ಕೆಲಸಗಾರರನ್ನು ಇಟ್ಟುಕೊಂಡ ಸಣ್ಣ ಕಾರ್ಖಾನೆಯವನು ತಾನೊಬ್ಬನೇ ಶುದ್ಧೀಕರಣ ಯಂತ್ರ ಹಾಕಲಾರ. ಹಲವರು ಸೇರಿ ಒಂದು ಘಟಕ ನಡೆಸಿದರೆ ಮಾತ್ರ ಸಾಧ್ಯ. ಸಣ್ಣವರ ಕಷ್ಟ ಎಲ್ಲಿಯೂ ಒಂದೇ. ಇದು ನಮಗೂ ಅನ್ವಯಿಸುವ ಮಾತು.

ನಮ್ಮ ಹಳ್ಳದ ವಿಚಾರ

ಈಗ ನಮ್ಮ ಮನೆಯ ಕಡೆ ತಿರುಗೋಣ. ನೊರೆಯ ಕಾರಣ ಕಂಡುಹಿಡಿದ ಆ ವಿಭಾಗ ನಮಗೆ ಅಪರಿಚಿತವಾದುದಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಗ್ರಾಮಗಳಿಗಾಗಿ ವಿಜ್ಞಾನ ಎಂಬ ಉದ್ದೇಶದಿಂದ ಸ್ಥಾಪಿಸಿದ 'ಅಸ್ತ್ರ' ಕೇಂದ್ರವೇ ಅದು. ಹೆಸರು ಈಗ ಬದಲಾಗಿದೆ. 1980ರ ದಶಕದಲ್ಲಿ, ನಾನು ಪ್ರೌಢಶಾಲೆಯಲ್ಲಿದ್ದಾಗ, ನಮ್ಮ ಮನೆಯ ಅಡಿಗೆಮನೆಗೆ ಅಸ್ತ್ರ ಒಲೆ ಬಂತು. ಅದಕ್ಕೆ ಮೊದಲು ನಮ್ಮ ತಾಯಿ ಮಳೆಗಾಲವಿಡೀ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತಾ ಕೆಮ್ಮುತ್ತಾ ಅಡಿಗೆ ಮಾಡುತ್ತಿದ್ದರು. ಒಲೆ ಹಾಕಿದ ಮೇಲೆ ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು, ಸೌದೆಯೂ ಉಳಿಯಿತು. ಆರೋಗ್ಯ, ಕಾಡು, ಹೆಂಗಸರ ದುಡಿಮೆ ಮೂರಕ್ಕೂ ಒಂದೇ ಒಲೆಯಿಂದ ಉಪಕಾರವಾಯಿತು. ಅದು ಮನೆ ಮನೆಗೆ ತಲುಪಿದ್ದು ಪುಸ್ತಕದ ಮೂಲಕವಲ್ಲ. ಒಲೆ ಕಟ್ಟುವ ಕೆಲಸ ಕಲಿತವರು ಊರಿಗೆ ಬಂದು ಮಣ್ಣು ಕಲಸಿ ಕಟ್ಟಿಕೊಟ್ಟರು.

ಅದೇ ಕೇಂದ್ರದವರು ನಮ್ಮ ಕಾಫಿ ಪಲ್ಪರ್ ನೀರನ್ನೂ ಪರೀಕ್ಷಿಸಿದ್ದಾರೆ. ಡಾ. ಚಾಣಕ್ಯ ಅವರು ಸಹ ಲೇಖಕರಾಗಿ 2004ರಲ್ಲಿ ಪ್ರಕಟಿಸಿದ ಪ್ರಬಂಧ ಕಾಫಿ ಸಂಸ್ಕರಣೆಯ ಕಲ್ಮಶದ ಮೇಲೆಯೇ ಇದೆ. ಹಣ್ಣಿನ ತಿರುಳು, ಲೋಳೆ, ಸಕ್ಕರೆ ಸೇರಿದ ಆ ನೀರು ಹುಳಿಯೇರಿ ಹಳ್ಳಕ್ಕೆ ಸೇರಿದರೆ ನೀರಿನಲ್ಲಿರುವ ಪ್ರಾಣವಾಯುವನ್ನು ಅದೇ ಹೀರಿಬಿಡುತ್ತದೆ, ಮೀನು ಸಾಯುತ್ತದೆ. ಬದಲಿಗೆ ಗಾಳಿಯಾಡದ ತೊಟ್ಟಿಯಲ್ಲಿ ಅಣುಜೀವಿಗಳಿಂದ ಕಳಿಸಿದರೆ ಕೊಳೆಯೂ ಇಳಿಯುತ್ತದೆ, ಉರಿಸಲು ಅನಿಲವೂ ದೊರೆಯುತ್ತದೆ. ವಿದ್ಯೆ ಇಷ್ಟು ವರ್ಷಗಳಿಂದ ಇದೆ. ನಮ್ಮಲ್ಲಿ ಎಷ್ಟು ಜನ ಅಂಥ ತೊಟ್ಟಿ ಕಟ್ಟಿಸಿದ್ದೇವೆ?

ಬೇರೆಯವರ ತಪ್ಪು ಎಣಿಸುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಹಲವು ವರ್ಷ ನನ್ನ ಪಲ್ಪರ್ ನೀರು ತೋಟದ ಕೆಳಗಿನ ಗುಂಡಿಗೆ ಹೋಗುತ್ತಿತ್ತು. ಗುಂಡಿ ತುಂಬಿದರೆ ಹಳ್ಳಕ್ಕೆ ಹೋಗುತ್ತಿತ್ತು. ತುಂಬುತ್ತಿತ್ತೆಂದು ನನಗೆ ಗೊತ್ತಿತ್ತು. ಒಂದು ಜನವರಿಯಲ್ಲಿ ಹಳ್ಳದ ಕೆಳಗಿನ ಊರಿನವರೊಬ್ಬರು ಬಂದು, ತಮ್ಮ ಎಮ್ಮೆಗಳು ಎರಡು ದಿನದಿಂದ ಹಳ್ಳದ ನೀರಿಗೆ ಮೂತಿ ಇಡುತ್ತಿಲ್ಲವೆಂದು ಹೇಳಿದರು. ಜಗಳವಾಡಲಿಲ್ಲ, ಹೇಳಿ ಹೋದರು. ನಾನು ಮೇಲಿನ ತೋಟದವರ ನೀರಿರಬಹುದೆಂದು ಹೇಳಿ ಕಳಿಸಿದೆ. ಆ ಉತ್ತರಕ್ಕೂ ನನ್ನ ತಮ್ಮನ "ಕಟ್ಟಡದವರು ನೋಡಿಕೊಳ್ಳುತ್ತಾರೆ" ಎಂಬ ಉತ್ತರಕ್ಕೂ ಯಾವ ವ್ಯತ್ಯಾಸವೂ ಇಲ್ಲವೆಂದು ವರ್ತೂರು ಕೋಡಿಯಲ್ಲಿ ನಿಂತಾಗ ನನಗೆ ಹೊಳೆಯಿತು.

ನಮ್ಮ ಪಲ್ಪಿಂಗ್ ನಡೆಯುವುದು ಅರೇಬಿಕಾಕ್ಕೆ ನವೆಂಬರಿನಿಂದ, ರೊಬಸ್ಟಾಕ್ಕೆ ಜನವರಿಯಿಂದ ಮಾರ್ಚಿಯವರೆಗೆ. ಹಳ್ಳಕೊಳ್ಳಗಳು ಬತ್ತಿ ಸಣ್ಣಗಾಗುವ ಕಾಲವೇ ಅದು. ನಮ್ಮ ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರನ್ನು ದಾಟಿ ಕಾವೇರಿಗೆ ಸೇರುತ್ತದೆ. ಆ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಎತ್ತಿ ಬೆಂಗಳೂರಿಗೆ ಒಯ್ಯುತ್ತಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದಿಂದ ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೂ ಆ ನೀರು ಹೋಗತೊಡಗಿದೆ. ಅಷ್ಟು ದೂರ ಹರಿಯುವಷ್ಟರಲ್ಲಿ ನಮ್ಮ ಕೊಳೆ ಉಳಿಯಲಾರದು, ನಿಜ. ಆದರೆ ಅವರ ನೊರೆಯನ್ನು ಕಂಡು ಮೂಗು ಮುಚ್ಚಿಕೊಳ್ಳುವ ಹಕ್ಕು ನಮಗಿದೆಯೇ?

ಕಹಿ ಮದ್ದು

ಮಲೆನಾಡಿನವರಿಗೆ ವಿಜ್ಞಾನದ ಉಪಕಾರ ತಿಳಿಯದೆ ಇಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಕಾರಣ ಒಂದು ಬೂಷ್ಟೆಂದು ತೋರಿಸಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಅದಕ್ಕೆ ಮೊದಲು ನಮ್ಮ ಹಿರಿಯರಿಗೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲಿಯೇ. ಹೆಬ್ಬಾಳದಲ್ಲಿ ಅವರ ಕಾಲದಲ್ಲಿ ಬೆಳೆದ ಕೃಷಿ ಶಾಲೆಯ ಪರಂಪರೆಯಲ್ಲಿಯೇ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಪ್ರಶ್ನೆ ನಮ್ಮ ತೋಟದಿಂದ ಹೋಯಿತು, ಉತ್ತರ ನಮ್ಮ ತೋಟಕ್ಕೆ ಬಂತು. ಆದುದರಿಂದಲೇ ನೂರು ವರ್ಷ ಕಳೆದರೂ ಪ್ರತಿ ಮಳೆಗಾಲದಲ್ಲಿ ನಾವು ಮರ ಹತ್ತಿಸಿ ಔಷಧಿ ಹೊಡೆಸುತ್ತೇವೆ.

ಆದರೆ ವಿಜ್ಞಾನ ಯಾವಾಗಲೂ ನಮಗೆ ಪ್ರಿಯವಾದುದನ್ನೇ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಈ ಮಾತನ್ನು ನಮ್ಮ ಸಭೆಗಳಲ್ಲಿ ಎತ್ತಿದರೆ ಕೆಲವರಿಗೆ ಕೋಪ ಬರುತ್ತದೆ. ಅಡಿಕೆ ನನಗೂ ಅನ್ನ ಕೊಟ್ಟ ಬೆಳೆ, ನನಗೂ ನೋವಾಗುತ್ತದೆ. ನಮ್ಮ ರಾಜ್ಯದ ಅಡಿಕೆ ಕಾರ್ಯಪಡೆ ಈ ವಿಷಯದ ಸಂಶೋಧನೆಯನ್ನು, ಪೀಣ್ಯದಲ್ಲಿಯೂ ಆವರಣವುಳ್ಳ ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ವಹಿಸಿತು. ಪ್ರಶ್ನೆ ಕೇಳುವುದು ನಮ್ಮ ಹಕ್ಕು, ಅದು ಸರಿಯಾದ ದಾರಿಯೇ. ಆದರೆ ಉತ್ತರ ಏನೇ ಬಂದರೂ ಕೇಳುತ್ತೇವೆಂಬ ಮನಸ್ಸು ಮೊದಲು ನಮ್ಮಲ್ಲಿರಬೇಕು. ಸಾಬೂನು ಪುಡಿಯ ತಪ್ಪನ್ನು ವಿಜ್ಞಾನಿ ಹೇಳಿದರೆ ಸತ್ಯ, ಅಡಿಕೆಯ ತಪ್ಪನ್ನು ಹೇಳಿದರೆ ಪಿತೂರಿ ಎನ್ನುವುದು ನ್ಯಾಯವಲ್ಲ. ಚೊಗರಿನ ಬಣ್ಣ, ಹಾಳೆಯ ತಟ್ಟೆ ಮೊದಲಾದ ಬೇರೆ ಉಪಯೋಗಗಳ ಬಗ್ಗೆ ಇನ್ನೂ ಹೆಚ್ಚಿನ ಸಂಶೋಧನೆ ನಡೆಯಲಿ ಎಂದು ಒತ್ತಾಯಿಸುವುದೇ ನಮ್ಮ ಮಕ್ಕಳಿಗೆ ನಾವು ಮಾಡಬಹುದಾದ ಉಪಕಾರ.

ವಿದ್ವಾಂಸರಿಗೂ ಒಂದು ಮಾತು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಇಬ್ಬರು ವಿದ್ಯಾರ್ಥಿಗಳು ನಮ್ಮ ಸಂಘಕ್ಕೆ ಬಂದಿದ್ದರು. ಮೂರು ದಿನ ನಮ್ಮ ಹಲವು ಸದಸ್ಯರ ತೋಟದಲ್ಲಿ ಮಣ್ಣು ನೀರು ತೆಗೆದುಕೊಂಡರು. ಒಳ್ಳೆಯ ಹುಡುಗರು. ಊಟ ಹಾಕಿದೆವು, ಬಸ್ಸಿಗೆ ಬಿಟ್ಟುಬಂದೆವು. ಇಂದಿನವರೆಗೂ ಒಂದು ಕಾಗದವೂ ಬಂದಿಲ್ಲ. ಅವರಿಗೆ ಪದವಿ ದೊರೆತಿರಬಹುದು, ಗ್ರಂಥಾಲಯದ ಕಪಾಟಿನಲ್ಲಿ ಇಂಗ್ಲಿಷಿನ ಪ್ರಬಂಧ ಸೇರಿರಬಹುದು. ನಮ್ಮ ನೀರಿನ ಗುಣ ನಮಗೇ ತಿಳಿಯಲಿಲ್ಲ. ಯಾರ ತೋಟದಿಂದ ಮಾದರಿ ತೆಗೆದರೋ ಅವರಿಗೆ ಒಂದೇ ಒಂದು ಪುಟ ಕನ್ನಡದಲ್ಲಿ ಬರೆದು ಕಳಿಸುವ ನಿಯಮವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಮಾಡಿಕೊಂಡರೆ, ಅವರ ವಿದ್ಯೆಗೆ ಅರ್ಧ ನೀರಗಂಟಿ ಸಿಕ್ಕಿದಂತೆಯೇ.

ಇನ್ನರ್ಧ ನಾವೇ ಆಗಬೇಕು. ವೈಟ್‌ಫೀಲ್ಡಿನ ಲಕ್ಷಾಂತರ ಜನರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಒಂದು ಹಳ್ಳದ ಮೇಲಿನವರೂ ಕೆಳಗಿನವರೂ ಒಂದೇ ಸಂಘದ ಷೇರುದಾರರು, ವರ್ಷಕ್ಕೊಮ್ಮೆಯಾದರೂ ಒಂದೇ ಚಾವಡಿಯಲ್ಲಿ ಕುಳಿತುಕೊಳ್ಳುವವರು. ಆದುದರಿಂದ ಬರುವ ಸರ್ವ ಸದಸ್ಯರ ಸಭೆಯ ಮುಂದೆ ಈ ಸಲಹೆಗಳನ್ನು ಇಡಲು ಬಯಸಿದ್ದೇನೆ.

1. ನಮ್ಮ ಹಳ್ಳದ ಐದು ಕಡೆಗಳಲ್ಲಿ, ಪಲ್ಪಿಂಗ್ ಶುರುವಾಗುವ ಮೊದಲು ಒಮ್ಮೆ, ಭರದಿಂದ ನಡೆಯುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ನೀರಿನ ಮಾದರಿ ತೆಗೆಸಿ ಪರೀಕ್ಷೆ ಮಾಡಿಸತಕ್ಕದ್ದು. ಖರ್ಚನ್ನು ಸಂಘದ ಶಿಕ್ಷಣ ನಿಧಿಯಿಂದ ಕೊಡತಕ್ಕದ್ದು.

2. ಬಾಳೆಹೊನ್ನೂರಿನ ಕೇಂದ್ರಕ್ಕೂ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂಘದ ವತಿಯಿಂದ ಒಂದೇ ಪ್ರಶ್ನೆಯನ್ನು ಬರೆದು ಕೇಳತಕ್ಕದ್ದು. ಐದಾರು ಜನ ಸಣ್ಣ ಬೆಳೆಗಾರರು ಕೂಡಿ ಬಳಸಬಹುದಾದ, ಅವರ ಕೈಗೆಟುಕುವ ಒಂದು ತೊಟ್ಟಿ ಹೇಗಿರಬೇಕು?

3. ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿ ಕೆಟ್ಟದಿರಲಿ, ಇದೇ ಪತ್ರಿಕೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕತಕ್ಕದ್ದು.

ಮೂರನೆಯದಕ್ಕೆ ಆಕ್ಷೇಪಣೆ ಬರುವುದೆಂದು ನನಗೆ ಗೊತ್ತಿದೆ. ಅಚ್ಚಾದರೆ ಅಧಿಕಾರಿಗಳ ಕಣ್ಣಿಗೆ ಬೀಳುತ್ತೇವೆಂದು ಈಗಾಗಲೇ ಇಬ್ಬರು ನಿರ್ದೇಶಕರು ನನ್ನೊಡನೆ ಖಾಸಗಿಯಾಗಿ ಹೇಳಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟ ಕೆಸರು ತಳದಲ್ಲಿ ಕುಳಿತು 200 ಪಟ್ಟು ಬೆಳೆದು, ಒಂದು ಮಳೆಗೆ ಕೋಡಿಯ ಮೇಲೆ ಬಂದುದನ್ನು ನಾನು ಕಣ್ಣಾರೆ ಕಂಡವನು. ನ್ಯಾಯಮಂಡಳಿ ಬಂದು ಕೇಳುವುದಕ್ಕಿಂತ ಮೊದಲು ನಾವೇ ನಮ್ಮನ್ನು ಕೇಳಿಕೊಳ್ಳುವುದು ಲೇಸು.

ಮೊದಲನೆಯ ಮಾದರಿಯನ್ನು ನನ್ನ ಗುಂಡಿಯ ಕೆಳಗೇ ತೆಗೆಯಲಿ. ಅಂದು ಎಮ್ಮೆಯ ವಿಷಯ ಹೇಳಲು ಬಂದಿದ್ದ ಆ ಮಹನೀಯರನ್ನು ನಾನೇ ಹೋಗಿ ಕರೆದುಕೊಂಡು ಬರುತ್ತೇನೆ, ಸೀಸೆಯನ್ನು ಅವರ ಕೈಯಲ್ಲೇ ತುಂಬಿಸುತ್ತೇನೆ. ಉಳಿದ ನಾಲ್ಕು ಜಾಗಗಳನ್ನು ಗುರುತಿಸಲು ಮುಂದೆ ಬರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇನೆ.

— ಕಾರ್ಯದರ್ಶಿ